ಚೀಟಿ ಇಲ್ಲದೆ ಸಾಮಾನು ಇಲ್ಲ

ಬೆಂಚಿನ ಮೇಲೆ ತಮ್ಮನನ್ನು ಕೂರಿಸಿ, ಅವನ ಅಂಗಿಯ ಮೇಲಿನ ಗುಂಡಿ ಹಾಕಿ, ಬಿಸ್ಕತ್ತಿನ ಪೊಟ್ಟಣ ಒಡೆದು ಅವನ ತೊಡೆಯ ಮೇಲಿಟ್ಟು, ಚೂರು ಚೂರೇ ತಿನ್ನು, ಇಡೀದು ಬಾಯಿಗೆ ಹಾಕ್ಕೋಬೇಡ ಎಂದು ಎರಡು ಸಲ ಹೇಳಿ, ಅವಳೂ ಪಕ್ಕದಲ್ಲಿ ಕೂರಲು ಬಗ್ಗುವಷ್ಟರಲ್ಲಿ ವಕೀಲೆ ಬಾಗಿಲಿಗೆ ಬಂದು ನಿಂತರು. ಅಪ್ಪ ಆಗಲೇ ಒಳಗೆ ಹೋಗಿ ಕುರ್ಚಿ ಹಿಡಿದಿದ್ದ.

"ನೀವು ಬನ್ನಿ ಒಳಗೆ."

"ಇವನೊಬ್ಬನೇ ಆಗ್ತಾನೆ ಮೇಡಂ."

"ನಮ್ಮ ಗುಮಾಸ್ತರು ಇದ್ದಾರಲ್ಲ, ನೋಡ್ಕೋತಾರೆ. ನಮ್ಮಲ್ಲಿ ಒಂದು ಪದ್ಧತಿ. ಪತ್ರದಿಂದ ಯಾರಿಗೆ ಏನಾದ್ರೂ ಸಿಗುತ್ತೋ ಅವರು ಆಚೆ ಬೆಂಚಲ್ಲಿ ಕೂರಬೇಕು. ನಾಳೆ ಯಾರೂ ಬಂದು, ವಯಸ್ಸಾದವರ ಕಿವಿ ಊದಿ ಬರೆಸಿಕೊಂಡ್ರು ಅನ್ನಬಾರದು ನೋಡಿ."

"ಮತ್ತೆ ನಾನು?"

"ನೀವು ಟ್ರಸ್ಟಿ ಅಲ್ವಾ? ನಿಮಗೇನೂ ಸಿಗಲ್ಲ. ಧಾರಾಳವಾಗಿ ಒಳಗೆ ಕೂರಬಹುದು."

ಊಟಕ್ಕೆ ಏಳಿ ಎಂದು ಕರೆದಷ್ಟು ಸಲೀಸಾಗಿ ಹೇಳಿದ ಮಾತು. ಹೇಳುವಾಗ ವಕೀಲೆ ನಕ್ಕರು. ಎಡಗಡೆ ಮೇಲಿನ ದವಡೆಯಲ್ಲಿ ಕಟ್ಟಿಸಿದ ಎರಡು ಹಲ್ಲುಗಳು ಪಕ್ಕದವಕ್ಕಿಂತ ಒಂದು ಛಾಯೆ ಹೆಚ್ಚು ಬಿಳಿ ಇದ್ದವು, ಯಾರೋ ಅವಸರದಲ್ಲಿ ಮಾಡಿದ ಕೆಲಸ. ಮಾತಿಗಿಂತ ಮೊದಲು ಬಾಯಿ ನೋಡುವುದು ಅವಳ ಚಾಳಿ. ಇಪ್ಪತ್ತೆಂಟು ವರ್ಷದಿಂದ ಕೃತಕ ಹಲ್ಲಿನ ಸೆಟ್ಟು ಮಾಡುತ್ತ ಬಂದವಳಿಗೆ ಎದುರಿಗಿದ್ದವರು ಬೈದರೂ ಹೊಗಳಿದರೂ ಮೊದಲು ಕಾಣುವುದು ಒಸಡು. ಆದ್ದರಿಂದ ಆ ಮಾತು ಒಳಗೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೆಯೇ ಅವಳಿಗೆ ತಾಗಿದ್ದು, ಅದೂ ಚುಚ್ಚಿದ ಹಾಗಲ್ಲ, ಚಪ್ಪಲಿಯೊಳಗೆ ಸಣ್ಣ ಹರಳು ಸೇರಿಕೊಂಡ ಹಾಗೆ. ಬಾಗಿಲ ಸಂದಿನಿಂದ ಪುಟ್ಟ ಕಾಣುತ್ತಿದ್ದ. ನಲವತ್ತನಾಲ್ಕು ವರ್ಷದ ಅವನನ್ನು ಮನೆಯಲ್ಲಿ, ಓಣಿಯಲ್ಲಿ, ಅವನು ರಟ್ಟಿನ ಡಬ್ಬ ಮಡಚಲು ಹೋಗುವ ಕೇಂದ್ರದಲ್ಲಿ ಎಲ್ಲರೂ ಪುಟ್ಟ ಎಂದೇ ಕರೆಯುತ್ತಿದ್ದರು. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅವನು ಬಿಸ್ಕತ್ತನ್ನು ಅರ್ಧ ಮಾಡಿ ಒಂದು ಚೂರು ಗುಮಾಸ್ತರ ಕಡೆ ಚಾಚಿದ್ದ. "ನನಗೆ ಸಕ್ಕರೆ ಕಾಯಿಲೆ ಕಣಪ್ಪ, ನೀನೇ ತಿನ್ನು" ಎಂದು ಗುಮಾಸ್ತರು ಕೈಯಾಡಿಸುತ್ತಿದ್ದರು. ಬೆರಳಿಗೆ ರಬ್ಬರಿನ ಟೋಪಿ ಹಾಕಿಕೊಂಡು ಕಾಗದ ತಿರುವುವ ಹಳೆಯ ಮನುಷ್ಯ. ಚೂರನ್ನು ಬಾಯಿಗೆ ಹಾಕಿಕೊಂಡು ಪುಟ್ಟ ಅಗಿಯುವುದನ್ನು, ನುಂಗುವುದನ್ನು, ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಇಳಿಯುವುದನ್ನು ಅವಳು ಕೊನೆಯವರೆಗೂ ನೋಡಿ ಆಮೇಲೆ ಮುಖ ತಿರುಗಿಸಿದಳು.

ವಕೀಲೆ ಪತ್ರ ಓದತೊಡಗಿದರು. ನಡುನಡುವೆ ನಿಲ್ಲಿಸಿ ಬಾಯಿಮಾತಲ್ಲಿ ಬಿಡಿಸಿ ಹೇಳುತ್ತಿದ್ದರು. ಮನೆಯನ್ನು ನೇರವಾಗಿ ಪುಟ್ಟನ ಹೆಸರಿಗೆ ಬರೆದರೆ ಎರಡು ತೊಂದರೆ. ಒಂದು, ಅವನಿಗೆ ಸರ್ಕಾರದಿಂದ ಬರುವ ಭತ್ಯೆ ನಿಂತುಹೋಗುತ್ತದೆ. ಇನ್ನೊಂದು, ಯಾರು ಕಾಗದ ಮುಂದಿಟ್ಟರೂ ಅವನು ಸಹಿ ಹಾಕುತ್ತಾನೆ. ಹಾಕುತ್ತಾನೆ, ನಿಜ. ಹೆಸರಿನ ನಾಲ್ಕು ಅಕ್ಷರ ಕಲಿಯಲು ಏಳು ವರ್ಷ ಹಿಡಿದಿತ್ತು, ಹಾಗಾಗಿ ಹಾಕುವ ಅವಕಾಶ ಬಿಟ್ಟವನಲ್ಲ. ನೀರು ಸೋಸುವ ಯಂತ್ರ ಮಾರುವವನೊಬ್ಬ ಒಂದೇ ವಾರದಲ್ಲಿ ಎರಡು ಯಂತ್ರಕ್ಕೆ ಅವನಿಂದ ಸಹಿ ಹಾಕಿಸಿಕೊಂಡು ಹೋಗಿದ್ದ. ಆದ್ದರಿಂದ ಮನೆ ಒಂದು ಟ್ರಸ್ಟಿನ ಹೆಸರಿಗೆ. ಟ್ರಸ್ಟಿನೊಳಗಿನ ಮನೆಯಲ್ಲಿ ಪುಟ್ಟ ಇರುವಷ್ಟು ದಿನ ಇರುತ್ತಾನೆ, ಅವನು ಫಲಾನುಭವಿ. ಮನೆಯ ರಿಪೇರಿ, ತೆರಿಗೆ, ಅವನ ಊಟ ಬಟ್ಟೆ ಔಷಧಿ ಎಲ್ಲ ನೋಡಿಕೊಳ್ಳುವವಳು ಟ್ರಸ್ಟಿ, ಅದು ಇವಳು. ಪುಟ್ಟನ ನಂತರ ಮನೆ ಅಣ್ಣನ ಇಬ್ಬರು ಮಕ್ಕಳಿಗೆ. ಅವನು ಹೋದ ತೊಂಬತ್ತು ದಿನಗಳೊಳಗೆ ಟ್ರಸ್ಟಿ ಕೀಲಿಗಳನ್ನು ಅವರಿಗೆ ಒಪ್ಪಿಸಬೇಕು. ಅಣ್ಣ ಬೇರೆ ಊರಲ್ಲಿದ್ದ, ಹಿಂದಿನ ವಾರ ಫೋನಿನಲ್ಲಿ ಎಲ್ಲ ಕೇಳಿ, "ಅದಕ್ಕೇನಂತೆ, ಅವಳು ಇದ್ದಾಳಲ್ಲ" ಎಂದಿದ್ದ. ಹಿಂದಿನಿಂದ ಅತ್ತಿಗೆಯ ದನಿ, "ಅವರಿಗೇನು, ಒಂಟಿ ಜೀವ" ಎಂದದ್ದೂ ಕೇಳಿಸಿತ್ತು. ಫೋನು ಅಪ್ಪನ ಕೈಯಲ್ಲಿತ್ತು. ಕಿವಿ ಮಂದವಾದ್ದರಿಂದ ಅವನು ಅದನ್ನು ಇಡೀ ಮನೆಗೆ ಕೇಳುವಷ್ಟು ಜೋರಾಗಿ ಇಟ್ಟುಕೊಳ್ಳುತ್ತಿದ್ದ.

"ಇಲ್ಲೊಂದು ವಿಷಯ ಇದೆ ಸಾರ್," ಎಂದು ವಕೀಲೆ ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟರು. "ಹನ್ನೊಂದನೇ ಕಲಮು. ಟ್ರಸ್ಟಿ ಆದವರು ಟ್ರಸ್ಟಿನ ಆಸ್ತಿಯಿಂದ ತಮಗೆ ಅಂತ ಯಾವ ಅನುಕೂಲನೂ ಮಾಡ್ಕೊಳ್ಳೋ ಹಾಗಿಲ್ಲ. ನಿಮ್ಮ ಮಗಳು ಈಗ ಕೆಳಗಿನ ಎರಡು ಕೋಣೆಲಿ ಇದ್ದಾರೆ. ಒಂದರಲ್ಲಿ ಕೆಲಸ, ಒಂದರಲ್ಲಿ ವಾಸ. ಪತ್ರ ಆದ ಮೇಲೆ ಅದು ಆಗಲ್ಲ."

"ಯಾಕಾಗಲ್ಲ? ಕೀಲಿ ಅವಳ ಕೈಲೇ ಇರುತ್ತಲ್ಲ. ಕೀಲಿ ಇದ್ದೋಳಿಗೆ ಬಾಗಿಲು ಯಾರು ಮುಚ್ತಾರೆ?"

"ಪತ್ರ ಮುಚ್ಚುತ್ತೆ ಸಾರ್. ನಾಳೆ ನಿಮ್ಮ ಮೊಮ್ಮಕ್ಕಳು ಕೇಳಬಹುದು, ಅತ್ತೆ ಇಷ್ಟು ವರ್ಷ ಬಾಡಿಗೆ ಇಲ್ಲದೆ ಯಾಕಿದ್ದರು ಅಂತ. ಅವರು ಇರಲಿ ಅನ್ನೋದು ನಿಮ್ಮ ಇಷ್ಟ ಆದ್ರೆ ಒಂದು ಸಾಲು ಸೇರಿಸ್ತೀನಿ. ಒಂದೇ ಸಾಲು. ಆದ್ರೆ ಅದನ್ನ ನೀವು ಹೇಳಬೇಕು, ನಾನು ನಿಮ್ಮ ಬಾಯಲ್ಲಿ ಇಡೋ ಹಾಗಿಲ್ಲ."

ಅಪ್ಪ ಯೋಚಿಸಿದ. ಯೋಚಿಸುವಾಗ ಅವನು ಕೆಳಗಿನ ದವಡೆಯನ್ನು ಸ್ವಲ್ಪ ಮುಂದೆ ತಂದು ಮೇಲಿನ ಹಲ್ಲುಗಳಿಗೆ ಮೆಲ್ಲಗೆ ತಾಗಿಸುತ್ತಾನೆ. ಆ ಎರಡು ಸಾಲೂ ಅವಳದೇ ಕೆಲಸ. ಪ್ಲಾಸ್ಟರಿನಲ್ಲಿ ಅವನ ಒಸಡಿನ ಅಚ್ಚು ತೆಗೆದು, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಮುದುಕರ ಬಾಯಿಗೆ ತೀರಾ ಬಿಳಿ ಹಲ್ಲು ಸುಳ್ಳು ಹೇಳಿದ ಹಾಗೆ ಕಾಣುತ್ತದೆಂದು ಹಳದಿಗೆ ತಿರುಗಿದವನ್ನು ಆರಿಸಿ, ಎದುರಿನ ಎರಡರ ನಡುವೆ ಅವನಿಗೆ ಹುಟ್ಟಿನಿಂದ ಇದ್ದ ಸಂದನ್ನೂ ಬಿಟ್ಟು ಮಾಡಿದ್ದಳು. ಹನ್ನೊಂದು ದಿನ ಹಿಡಿದಿತ್ತು. ಹಾಕಿಕೊಂಡು ಕನ್ನಡಿ ನೋಡಿ, "ಸ್ವಲ್ಪ ಬಿಗಿ" ಎಂದಿದ್ದ. ಅಷ್ಟೇ. ಈಗ ಆ ಹಲ್ಲುಗಳನ್ನು ಮೂರು ಸಲ ತಾಗಿಸಿ, ಏನೋ ಮರೆತದ್ದು ನೆನಪಾದವನ ಹಾಗೆ ಮುಖ ಅರಳಿಸಿ ಅವನು ಹೇಳಿದ: "ಅಲ್ಲ ಮೇಡಂ, ನೀವು ಹೇಳೋದೇ ಸರಿ. ಕೀಲಿ ಇಟ್ಕೊಂಡೋರು ಸಾಮಾನು ಮುಟ್ಟಬಾರದು. ನಾನು ಮೂವತ್ತಾರು ವರ್ಷ ಸ್ಟೋರ್ ನೋಡ್ಕೊಂಡೆ. ಒಂದು ಬೋಲ್ಟು ಮನೆಗೆ ತಂದಿಲ್ಲ. ಬರೆದದ್ದು ಹಾಗೇ ಇರಲಿ."

ಕಾರ್ಖಾನೆಯವರು ಅವನನ್ನು ಬೆನ್ನ ಹಿಂದೆ ಬೀಗದಪ್ಪ ಎನ್ನುತ್ತಿದ್ದರು. ತಂತಿಯ ಜಾಲರಿ ಹಾಕಿದ ಸಣ್ಣ ಕಿಟಕಿ, ಅದರ ಮೇಲೆ ಅವನೇ ಕೆಂಪು ಬಣ್ಣದಲ್ಲಿ ಬರೆದ ಹಲಗೆ: ಚೀಟಿ ಇಲ್ಲದೆ ಸಾಮಾನು ಇಲ್ಲ. ಕಿಟಕಿಯ ಆಚೆ ಎಣ್ಣೆ ಕೈಗಳ ಸಾಲು, ಈಚೆ ಸೊಂಟದಲ್ಲಿ ನಲವತ್ತು ಕೀಲಿ ತೂಗಿಸಿಕೊಂಡ ಅಪ್ಪ. ಅವಳಿಗೆ ಒಂಬತ್ತು ವರ್ಷ. ಶಾಲೆಗೆ ರಜೆ ಇದ್ದ ದಿನ ಊಟದ ಡಬ್ಬಿ ಕೊಡಲು ಹೋದವಳು ಅವನ ಮೇಜಿನ ಡ್ರಾಯರಿನಲ್ಲಿದ್ದ ಒಂದು ರಬ್ಬರು ಕಂಡು, ಅದರ ಹೊಸ ವಾಸನೆಗೆ ಸೋತು, ಮುಷ್ಟಿಯಲ್ಲಿ ಮುಚ್ಚಿಕೊಂಡು ಹೊರಟಿದ್ದಳು. ಗೇಟಿನವರೆಗೂ ಹೋಗಿದ್ದಳು. ಅಪ್ಪ ಓಡಿಬಂದು ಹಿಡಿಯಲಿಲ್ಲ, ಹೊಡೆಯಲಿಲ್ಲ, ಕೂಗಿ ಕರೆದ. ಕಿಟಕಿಯ ಆಚೆ, ಸಾಲಿನ ಕೊನೆಗೆ ನಿಲ್ಲಿಸಿದ. ಅವಳ ಸರದಿ ಬಂದಾಗ ಒಂದು ಚೀಟಿ ತಳ್ಳಿ ಬರೆ ಎಂದ. ಹಿಂದಿರುಗಿಸಿದ ಸಾಮಾನು: ರಬ್ಬರು. ಎಷ್ಟು: ಒಂದು. ಸಹಿ. ಹಿಂದೆ ನಿಂತಿದ್ದ ಲೇತ್ ಮಷೀನಿನವನೊಬ್ಬ, "ಬಿಡಿ ಸಾರ್, ಕೂಸು" ಎಂದ. ಇನ್ನೊಬ್ಬ, "ಕೂಸಾದ್ರೇನು, ಬೀಗದಪ್ಪನ ಕೂಸು, ಕಾನೂನು ಗೊತ್ತಿರಬೇಕು" ಎಂದ. ಸಾಲಿಗೆ ಸಾಲೇ ನಕ್ಕಿತು. ಅವಳ ಕಾಲಿನ ನಡುವೆ ಬೆಚ್ಚಗೆ ಒದ್ದೆಯಾಗಿತ್ತು, ಅದು ಯಾರಿಗೂ ಗೊತ್ತಾಗಲಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದಳು. ಅಮ್ಮ ಸಾಯುವ ಮುಂಚೆ ಒಂದು ದಿನ ಸುಮ್ಮನೆ ಮಾತಿಗೆ, "ನಿಮ್ಮಪ್ಪ ಅವತ್ತು ನಿನ್ನ ಲಂಗ ತಾನೇ ಒಗೆದ್ರು, ನನ್ನ ಕೈಗೆ ಕೊಡಲಿಲ್ಲ" ಎಂದಿದ್ದಳು.

ಮನೆಯಲ್ಲೂ ಸ್ಟೋರೇ. ಕಬ್ಬಿಣದ ಬೀರುವಿನಲ್ಲಿ ಪೆನ್ಸಿಲು, ನೋಟುಬುಕ್ಕು, ಸಾಬೂನು, ಟಾರ್ಚಿನ ಸೆಲ್ಲು, ಮೇಣದಬತ್ತಿ. ಬೇಕಾದವರು ಚೀಟಿ ಬರೆಯಬೇಕು: ಸಾಮಾನು, ಎಷ್ಟು, ಯಾತಕ್ಕೆ, ಕೇಳಿದವರು. ಅಪ್ಪ ಓದುತ್ತಿದ್ದ, ಎಷ್ಟು ಎಂಬಲ್ಲಿ ಇದ್ದ ಅಂಕಿಯನ್ನು ಹೊಡೆದು ಒಂದೋ ಎರಡೋ ಇಳಿಸುತ್ತಿದ್ದ, ಪಕ್ಕದಲ್ಲಿ ತನ್ನ ಹೆಸರಿನ, ಬಾಲವಿರುವ ಮೊದಲಕ್ಷರ ಹಾಕುತ್ತಿದ್ದ. ಸ್ಟೋರಿನಲ್ಲೂ ಹಾಗೆಯೇ, ಕೇಳಿದ್ದನ್ನು ಪೂರ್ತಿ ಕೊಟ್ಟರೆ ಸ್ಟೋರಿನವನು ನಿದ್ದೆ ಮಾಡುತ್ತಿದ್ದಾನೆ ಎಂದರ್ಥ ಎನ್ನುತ್ತಿದ್ದ. ಅಣ್ಣ ಇದನ್ನು ಎಂಟನೇ ವಯಸ್ಸಿಗೇ ಅರ್ಥಮಾಡಿಕೊಂಡು ಎರಡು ಪೆನ್ಸಿಲು ಬೇಕಾದರೆ ನಾಲ್ಕು ಎಂದು ಬರೆಯುತ್ತಿದ್ದ. ಪುಟ್ಟನಿಗೆ ಬರೆಯಲು ಬರುತ್ತಿರಲಿಲ್ಲ, ಚೀಟಿಯ ಮೇಲೆ ಬೇಕಾದ್ದರ ಚಿತ್ರ ಬಿಡಿಸುತ್ತಿದ್ದ. ಅವನದೊಂದನ್ನು ಮಾತ್ರ ಅಪ್ಪ ಯಾವತ್ತೂ ಇಳಿಸಿದ್ದಿಲ್ಲ. ಅವಳು ಏನನ್ನೂ ಕೇಳಿ ಚೀಟಿ ಬರೆದವಳೇ ಅಲ್ಲ. ಅವಳ ಕೆಲಸ ಪಾಸಾದ ಚೀಟಿಗಳನ್ನು ತಂತಿಗೆ ಪೋಣಿಸುವುದು. ರಬ್ಬರಿನ ಪ್ರಕರಣದ ನಂತರ ಅಪ್ಪ ಅವಳಿಗೆ ಆ ಕೆಲಸ ಕೊಟ್ಟಿದ್ದ, ಶಿಕ್ಷೆಯಾಗಿಯೋ ಬಡ್ತಿಯಾಗಿಯೋ ಅವಳಿಗೆ ಇವತ್ತಿಗೂ ತಿಳಿಯದು. ಅಣ್ಣ ಉಳಿಸಿದ ಮೋಟು ಪೆನ್ಸಿಲಿನಲ್ಲಿ ಪರೀಕ್ಷೆ ಬರೆದಳು. ಆಮೇಲೆ, ತಾನು ಕೇಳದವಳು ಎಂಬುದು ಮೊದಲು ಮನೆಯವರಿಗೆ, ನಂತರ ಅವಳಿಗೇ, ಅವಳ ಒಂದು ಗುಣ ಎಂಬಂತೆ ಕಾಣತೊಡಗಿತು. ಗುಣವಂತೆ ಎಂಬ ಪಟ್ಟ ಕಟ್ಟಿ ಅಡಿಗೆಮನೆಯ, ಆಸ್ಪತ್ರೆಯ, ಮುದುಕರ ಮಂಚದ ಬದಿಯ ಕೀಲಿಗಳನ್ನು ಕೈಗೆ ಹಾಕಿ, ಆಸ್ತಿಯ ಬಾಗಿಲಲ್ಲಿ ಮಾತ್ರ 'ನಿಮಗೇನೂ ಸಿಗಲ್ಲ, ಒಳಗೆ ಬನ್ನಿ' ಎಂದು ಕುರ್ಚಿ ಕೊಡುವ ಈ ಮರ್ಯಾದೆ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರಿಗೆ ಸಂದಿರಬಹುದು ಎಂದು ಅವಳು ವಕೀಲೆಯ ಹಿಂದಿನ ಕಪಾಟಿನ ಕಡತಗಳನ್ನು ನೋಡಿದಳು. ನೆಲದಿಂದ ಸೂರಿನವರೆಗೆ ಇದ್ದವು. ಬೆನ್ನಿನ ಮೇಲೆಲ್ಲ ಗಂಡಸರ ಹೆಸರು.

"ಅವಳು ಹುಟ್ಟಿದಾಗಿನಿಂದ ಯಾವತ್ತೂ ಏನೂ ಕೇಳಿದೋಳಲ್ಲ ಮೇಡಂ," ಎಂದು ಅಪ್ಪ ಹೇಳುತ್ತಿದ್ದ. ದನಿಯಲ್ಲಿ ಹೆಮ್ಮೆ ಇತ್ತು, ನಿಜವಾದ ಹೆಮ್ಮೆ. "ದೊಡ್ಡವನನ್ನ ನಂಬಿ ಒಂದು ಸ್ಕ್ರೂ ಬಿಡಲಾರೆ. ಅವನು ಎರಡು ಬೇಕಾದ್ರೆ ನಾಲ್ಕು ಬರೆಯೋ ಪೈಕಿ. ಇವಳಾದ್ರೆ ಕಣ್ಮುಚ್ಚಿ ಕೀಲಿ ಕೊಡಬಹುದು."

ಅವನ ಪಾಲಿಗೆ ಇದಕ್ಕಿಂತ ದೊಡ್ಡದು ಕೊಡಲು ಈ ಲೋಕದಲ್ಲಿ ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದೇ ಕಷ್ಟ. ಅವನು ಕೆಟ್ಟವನಾಗಿದ್ದರೆ, ಮಗಳು ಎಂದು ಬೇಕೆಂದೇ ಬಿಟ್ಟವನಾಗಿದ್ದರೆ, ಈ ಮೇಜಿನ ಮೇಲೆ ಕೈ ಗುದ್ದಿ ಎದ್ದು ಹೋಗಬಹುದಿತ್ತು. ನಿವೃತ್ತಿಯ ದಿನ ನಲವತ್ತು ಕೀಲಿಗಳನ್ನು ಒಂದೊಂದಾಗಿ ಒಪ್ಪಿಸಿ ಬಂದು, ಸೊಂಟದಲ್ಲಿ ಭಾರ ಇಲ್ಲದೆ ನಡೆಯಲು ಬರುತ್ತಿಲ್ಲ ಎಂದು ವಾರಗಟ್ಟಲೆ ಗೋಡೆ ಹಿಡಿದು ಓಡಾಡಿದ ಮನುಷ್ಯ. ಅವನು ತನ್ನ ಬದುಕಿನ ಮಾನವನ್ನು ಅವಳ ಕೈಗೆ ಹಾಕುತ್ತಿದ್ದ. ಆ ಮಾನದೊಳಗೆ ಮಲಗಲು ಜಾಗ ಇರಲಿಲ್ಲ. ಅವಳಿಗೆ ಐವತ್ತೊಂದು. ಕೆಳಗಿನ ಕೋಣೆಯ ಕಿಟಕಿಗೆ ಬೆಳಗಿನ ಒಂಬತ್ತರಿಂದ ಹನ್ನೊಂದರವರೆಗೆ ಬೀಳುವ ಬೆಳಕಿನಲ್ಲೇ ಅವಳು ಹಲ್ಲಿನ ಬಣ್ಣ ಹೊಂದಿಸುವುದು. ಟ್ಯೂಬುಲೈಟಿನಲ್ಲಿ ಎಲ್ಲ ಹಲ್ಲೂ ಸತ್ತವರದರ ಹಾಗೆ ಕಾಣುತ್ತದೆ. ಪ್ಲಾಸ್ಟರಿನ ತೊಟ್ಟಿ, ಮೇಣ ಕಾಯಿಸುವ ಒಲೆ, ಉಜ್ಜುವ ಮೋಟಾರು, ಗೋಡೆಯ ಹಲಗೆಯ ಮೇಲೆ ಊರಿನ ಅರ್ಧ ಮುದುಕರ ದವಡೆಯ ಅಚ್ಚುಗಳು. ಅದನ್ನೆಲ್ಲ ಎತ್ತಿಕೊಂಡು ಎಲ್ಲಿಗೆ ಹೋಗುವುದು? ಹೋಗಲಿ, ಬೇರೆ ಕೋಣೆ ಹಿಡಿಯಬಹುದು, ಜನ ಹಿಡಿಯುವುದಿಲ್ಲವೇ. ಆದರೆ ರಾತ್ರಿ ಎರಡು ಸಲ ಎದ್ದು ಪುಟ್ಟನನ್ನು ನೋಡಲು ಇನ್ನೊಂದು ಬೀದಿಯಿಂದ ಬರುವುದು ಹೇಗೆ? ಪತ್ರ ಅವಳನ್ನು ಮನೆಯಿಂದ ಆಚೆ ಹಾಕುತ್ತದೆ, ಕೆಲಸದಿಂದ ಹಾಕುವುದಿಲ್ಲ.

"ನಿಮ್ಮ ಒಪ್ಪಿಗೆ ಇದ್ರೆ ಇಲ್ಲಿ ಸಹಿ," ಎಂದು ವಕೀಲೆ ಹಾಳೆ ತಿರುಗಿಸಿ ಅವಳ ಮುಂದಿಟ್ಟರು. ಆಮೇಲೆ ದನಿ ಇಳಿಸಿ, "ನಾನು ನಿಮ್ಮ ಅಪ್ಪನ ವಕೀಲೆ. ನಿಮ್ಮ ಪರವಾಗಿ ಬಾಯಿ ಬಿಡೋ ಹಾಗಿಲ್ಲ. ಅರ್ಥ ಆಯ್ತಲ್ಲ?" ಎಂದರು.

ಪೆನ್ನು ಹಿಡಿದು ಒಳಗೊಳಗೇ ಎಣಿಸತೊಡಗಿದಳು. ಒಂದು. ಹೊರಗೆ ಪುಟ್ಟ ಕೆಮ್ಮಿದ. ಬರಿಯ ಕೆಮ್ಮು, ಬಿಸ್ಕತ್ತಿನ ಪುಡಿ. ಎರಡು. ಎಂಟು ವರ್ಷದ ಹಿಂದೆ ಮಧ್ಯಾಹ್ನದ ಹೊತ್ತು ಅವನು ಅವಳ ಕೆಲಸದ ಕೋಣೆಯ ಸ್ಟೂಲಿನ ಮೇಲೆ ಕೂತು ಸೇಬು ತಿನ್ನುತ್ತಿದ್ದ. ಅವಳ ಕೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಸದ್ದು ನಿಂತಿತು. ಪುಟ್ಟ ಅಗಿಯುವಾಗ ಯಾವಾಗಲೂ ಸದ್ದು ಮಾಡುತ್ತಾನೆ, ಆ ಸದ್ದು ನಿಂತದ್ದಕ್ಕೆ ಅವಳು ತಲೆಯೆತ್ತಿದ್ದು. ಅವನ ಕಣ್ಣು ದೊಡ್ಡದಾಗಿತ್ತು, ಎರಡು ಕೈಯಲ್ಲೂ ಸ್ಟೂಲಿನ ಅಂಚು ಹಿಡಿದಿದ್ದ, ಅವಳನ್ನೇ ನೋಡುತ್ತಿದ್ದ. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಅವಳು ಅಲ್ಲೇ ನಿಂತಿದ್ದಳು. ಹೆದರಿ ನಿಂತದ್ದಲ್ಲ. ಆ ಮೂರು ಎಣಿಕೆಯಲ್ಲಿ ಅವಳ ತಲೆಯಲ್ಲಿ ಒಂದು ವಾಕ್ಯ ಪೂರ್ತಿಯಾಗಿ, ಅಚ್ಚುಕಟ್ಟಾಗಿ ಬಂದು ನಿಂತಿತು: ನಾಳೆ ಬೆಳಿಗ್ಗೆ ಐದಕ್ಕೆ ಏಳಬೇಕಾಗಿಲ್ಲ. ಆಮೇಲೆ ಓಡಿದಳು, ಬೆನ್ನಿಗೆ ಗುದ್ದಿದಳು, ಸೇಬಿನ ಹೋಳು ಹಾರಿ ಯಾರದೋ ಕೆಳದವಡೆಯ ಹಸಿ ಅಚ್ಚಿನ ಮೇಲೆ ಬಿತ್ತು, ಪುಟ್ಟ ಉಸಿರೆಳೆದುಕೊಂಡು ಅಳುತ್ತ, "ಹೊಡೀಬೇಡ ಅಕ್ಕ, ತಪ್ಪಾಯ್ತು" ಎಂದ. ಬೆನ್ನಿನ ಮೇಲೆ ಅವಳ ಬಿಳಿ ಕೈಯ ಗುರುತು ಒಣಗಿ ಸಂಜೆಯವರೆಗೂ ಇತ್ತು. ಈ ಮೂರು ಎಣಿಕೆಯನ್ನು ಅವಳು ಯಾರಿಗೂ ಹೇಳಿಲ್ಲ. ಹೇಳಿ ಹಗುರವಾಗುವ ಬಗೆಯದಲ್ಲ ಅದು. ಅಂದಿನಿಂದ ಅವನ ಗಂಟಲ ಮಣಿಯನ್ನು ಕಾಯುತ್ತ ಬಂದಿದ್ದಳು. ಅದು ತೀರಿಸುವಂಥದ್ದಲ್ಲ ಎಂದು ಗೊತ್ತಿದ್ದೂ ಕಾಯುತ್ತಿದ್ದಳು, ಮತ್ತು ಹೀಗೆ ಕಾಯುವುದಾದರೂ ತನ್ನದು, ಯಾರೂ ಹೇಳಿ ಮಾಡಿಸಿದ್ದಲ್ಲ ಎಂಬುದೊಂದು ಸಮಾಧಾನ ಇತ್ತು.

ಪತ್ರ ಅದನ್ನೂ ತೆಗೆದುಕೊಳ್ಳುತ್ತಿತ್ತು. ಈಗ ಅಪ್ಪ ಕರಗಿ, ಹೋಗಲಿ ಪುಟ್ಟ ಇರುವವರೆಗೆ ಇದ್ದುಕೋ ಎಂದರೂ ಅಷ್ಟೇ. ಪುಟ್ಟನ ಉಸಿರು ಇರುವಷ್ಟು ದಿನ ಅವಳಿಗೆ ಸೂರು, ಉಸಿರು ನಿಂತ ತೊಂಬತ್ತನೇ ದಿನ ಬೀದಿ. ಇನ್ನೊಂದು ಸೇಬು ಅವನ ಗಂಟಲಲ್ಲಿ ಸಿಕ್ಕಿಕೊಂಡರೆ ಅವಳು ಓಡುತ್ತಾಳೆ, ಒಂದು ಎನ್ನುವುದರೊಳಗೆ ಓಡುತ್ತಾಳೆ, ಮತ್ತು ಓಡಿದ್ದು ಯಾಕೆಂದು ಅವಳಿಗೇ ಎಂದಿಗೂ ತಿಳಿಯುವುದಿಲ್ಲ. ಆ ಮೂರು ಎಣಿಕೆಯ ನಾಚಿಕೆಗೇಡಾದರೂ ಅವಳ ಸ್ವಂತದ್ದಾಗಿತ್ತು. ಈ ಓಟ ಹನ್ನೊಂದನೇ ಕಲಮಿನದಾಗುತ್ತದೆ.

ಮೂರು. ಪೆನ್ನನ್ನು ಹಾಳೆಯ ಪಕ್ಕದಲ್ಲಿ, ಹಾಳೆಯ ಅಂಚಿಗೆ ಸಮವಾಗಿ ಇಟ್ಟು ಎದ್ದಳು.

"ಎಲ್ಲಿಗಮ್ಮಾ?" ಅಪ್ಪ ಕೇಳಿದ. "ಬಚ್ಚಲಿಗಾ?"

"ಇಲ್ಲಪ್ಪ. ಆಚೆ ಕೂರ್ತೀನಿ."

"ಯಾಕೆ, ಅವನು ಕರೆದ್ನಾ?"

"ಅವನು ಕರೀಲಿಲ್ಲ. ಏನಾದ್ರೂ ಸಿಗಬೇಕು ಅನ್ನೋರು ಆಚೆ ಕೂರಬೇಕಂತೆ. ನನಗೂ ಬೇಕು."

ಹೇಳಿದ ದನಿ ತನ್ನದಲ್ಲವೆನ್ನುವಷ್ಟು ಸಪ್ಪೆಯಾಗಿತ್ತು. ಇಷ್ಟು ವರ್ಷ ಎಂದಾದರೂ ಈ ಮಾತು ಆಡಿದರೆ ಕಣ್ಣಲ್ಲಿ ನೀರು ಬರುತ್ತದೆ, ಯಾರಾದರೂ ಬಂದು ತೋಳು ಹಿಡಿಯುತ್ತಾರೆ ಎಂದುಕೊಂಡಿದ್ದಳು. ಏನೂ ಆಗಲಿಲ್ಲ. ಕುರ್ಚಿ ನೆಲಕ್ಕೆ ಕಿರ್ ಎಂದಿತು. ಅಪ್ಪನ ಬಾಯಿ ತೆರೆದೇ ಇತ್ತು. ಕೆಳಗಿನ ಸಾಲು ಒಂದು ನೂಲಿನಷ್ಟು ಎಡಕ್ಕೆ ಸರಿದಿದೆ, ಮನೆಗೆ ಹೋದ ಮೇಲೆ ಉಜ್ಜಿ ಕೊಡಬೇಕು ಎಂದು ಬಾಗಿಲು ದಾಟುವಾಗ ಅವಳಿಗೆ ಹೊಳೆಯಿತು.

ಪುಟ್ಟ ಸರಿದು ಜಾಗ ಮಾಡಿದ. ಅವನು ಜಾಗ ಮಾಡುವಾಗ ಬೇಕಾದ್ದಕ್ಕಿಂತ ಹೆಚ್ಚೇ ಮಾಡುತ್ತಾನೆ, ಬೆಂಚಿನ ತೀರಾ ತುದಿಗೆ ಹೋಗಿ ಅರ್ಧ ಗಾಳಿಯಲ್ಲಿ ಕೂತ. "ಅಕ್ಕ, ನಿಂಗೂ ಬೈದ್ರಾ?"

"ಇಲ್ಲ ಕಣೋ. ಈಚೆ ಬಾ, ಬೀಳ್ತೀಯ."

ಬೆಂಚು ಗಟ್ಟಿಯಿತ್ತು. ಕುರ್ಚಿಗಿಂತ ತಗ್ಗಾಗಿತ್ತು. ಇಲ್ಲಿಂದ ಬಾಗಿಲು ಎತ್ತರವಾಗಿ ಕಾಣುತ್ತಿತ್ತು, ಒಳಗಿನವರ ಮಾತು ಗೊಜಗೊಜ ಎಂದಷ್ಟೇ ಕೇಳುತ್ತಿತ್ತು. ಇಷ್ಟು ಹೊತ್ತು ಪುಟ್ಟನಿಗೆ ಹೀಗೇ ಕೇಳುತ್ತಿತ್ತೇನೋ, ಇಷ್ಟು ವರ್ಷ. ಅಪ್ಪ ಈಗ ಏನು ಹೇಳುತ್ತಿರಬಹುದು? ಬಿಸಿಲು ತಲೆಗೇರಿದೆ ಅವಳಿಗೆ ಎನ್ನುತ್ತಿರಬಹುದು. ಅಣ್ಣನಿಗೆ ಫೋನು ಹಚ್ಚಿ ಎನ್ನುತ್ತಿರಬಹುದು. ಎದ್ದು ಒಳಗೆ ಹೋಗಿ, ಏನೋ ಮಾತಿಗೆ ಅಂದೆ ಬಿಡಿ ಎಂದು ಸಹಿ ಹಾಕಿಬಿಡಲು ಇನ್ನೂ ಸಮಯವಿದೆ ಎಂದು ಅವಳ ಮೊಣಕಾಲುಗಳಿಗೆ ಅನ್ನಿಸುತ್ತಿತ್ತು. ಐವತ್ತೊಂದು ವರ್ಷದ ಅಭ್ಯಾಸ ಮೊಣಕಾಲಲ್ಲೇ ಇರುತ್ತದೆ. ಬಾಯಲ್ಲಿ ಕೇಳಿದರೆ ಅಪ್ಪನಿಗೆ ಅದು ಗೋಳು. ಕಿಟಕಿಯಲ್ಲಿ ಯಾರಾದರೂ ಬಾಯಲ್ಲಿ ಕೇಳಿದರೆ ಅವನು ಮುಖವನ್ನೂ ಎತ್ತುತ್ತಿರಲಿಲ್ಲ, ಹಲಗೆಯ ಕಡೆ ಬೆರಳು ತೋರಿಸುತ್ತಿದ್ದ.

"ಒಂದು ತುಂಡು ಕಾಗದ ಇದೆಯಾ?" ಎಂದು ಗುಮಾಸ್ತರನ್ನು ಕೇಳಿದಳು.

"ಬಿಳೀದಾ, ಹಿಂಭಾಗ ಖಾಲಿ ಇರೋದಾ?"

"ಯಾವುದಾದ್ರೂ."

ಅವರು ರಬ್ಬರು ಟೋಪಿಯ ಬೆರಳಿಂದ ಒಂದು ಹಾಳೆ ಎಳೆದು, ಮಡಚಿ, ಅಳತೆಪಟ್ಟಿ ಒತ್ತಿ ನೇರವಾಗಿ ಹರಿದು ಕಾಲು ಭಾಗ ಕೊಟ್ಟರು; ಜೊತೆಗೆ ಒಂದು ಪೆನ್ಸಿಲು. ಅದು ಉದ್ದನೆಯ, ಆಗತಾನೆ ಕೆತ್ತಿದ ಪೆನ್ಸಿಲು. ತೊಡೆಯ ಮೇಲೆ ಪುಟ್ಟನ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡು ಅದರ ಮೇಲೆ ಕಾಗದ ಹಾಸಿದಳು. ಸಾಮಾನು. ಎದುರಿಗೆ, ಕೋಣೆ, ಕೆಳಗಿನವು, ಎಂದು ಬರೆದಳು. ಎಷ್ಟು. ಎರಡು, ನಾನು ಇರುವವರೆಗೆ. ಪುಟ್ಟ ಇರುವವರೆಗೆ ಎಂದಲ್ಲ. ಅಷ್ಟರವರೆಗೆ ಕೈ ಸಲೀಸಾಗಿ ಓಡಿತು. ಯಾತಕ್ಕೆ ಎಂಬಲ್ಲಿ ನಿಂತಿತು. ತಮ್ಮನನ್ನು ನೋಡಿಕೊಳ್ಳುವುದಕ್ಕೆ, ಎಂದು ಬರೆದಳು, ಬರೆದದ್ದನ್ನು ನೋಡಿದಳು. ಸುಳ್ಳಲ್ಲ. ಎಲ್ಲರಿಗೂ ಒಪ್ಪಿಗೆಯಾಗುವಂಥದ್ದು, ವಕೀಲೆಗೂ, ಅಣ್ಣನಿಗೂ, ಅತ್ತಿಗೆಗೂ. ಇಷ್ಟು ವರ್ಷ ಅವಳು ಹೊಸ ಚಪ್ಪಲಿ ಕೊಂಡದ್ದೂ ಅವನನ್ನು ಕೇಂದ್ರಕ್ಕೆ ಬಿಡಲು ನಡೆಯಬೇಕಲ್ಲ ಎಂದೇ. ಆ ಕೋಣೆಯ ಬೆಳಕು ಅವನಿಗಾಗಿ ಬೀಳುತ್ತಿರಲಿಲ್ಲ. ಸಾಲನ್ನು ಹೊಡೆದಳು, ಓದಲು ಬರುವಂತೆ ಒಂದೇ ಗೆರೆಯಲ್ಲಿ, ಅಪ್ಪನ ಪದ್ಧತಿಯ ಪ್ರಕಾರ. ಉಜ್ಜಿ ಅಳಿಸಿದ ಚೀಟಿ ಅವನಲ್ಲಿ ನಡೆಯುತ್ತಿರಲಿಲ್ಲ. ಕೆಳಗೆ ಬರೆದಳು: ನನಗೆ. ಆ ಪದ ಒಂಟಿಯಾಗಿ ವಿಚಿತ್ರವಾಗಿ ಕಂಡಿತು, ಯಾರೋ ಬಟ್ಟೆಯಿಲ್ಲದೆ ನಿಂತ ಹಾಗೆ. ಇನ್ನೇನಾದರೂ ಸೇರಿಸಬೇಕೇ ಎಂದು ಪೆನ್ಸಿಲು ಅಲ್ಲೇ ಸುಳಿದಾಡಿತು. ಸೇರಿಸಲಿಲ್ಲ. ಕೇಳಿದವರು: ಸಹಿ.

"ಇದನ್ನ ಅಪ್ಪನ ಕೈಗೆ ಕೊಡ್ತೀರಾ?"

ಗುಮಾಸ್ತರು ಓದಿದರು, ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನಲವತ್ತು ವರ್ಷದಿಂದ ಈ ಮೇಜಲ್ಲಿದೀನಿ ತಾಯಿ. ಬೆಂಚಲ್ಲಿ ಕೂತೋರು ಹೊಡೆದಾಡಿದ್ದು ನೋಡಿದೀನಿ, ಮೂರ್ಛೆ ಬಿದ್ದದ್ದು ನೋಡಿದೀನಿ. ಅರ್ಜಿ ಬರೆದಿದ್ದು ನೋಡಿರಲಿಲ್ಲ." ಎದ್ದು ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು.

"ಅಕ್ಕ, ನಾನೂ ಬರೀಲಾ?" ಪುಟ್ಟ ಕೇಳಿದ.

"ನಿಂದು ಬರೆದಾಗಿದೆ ಕಣೋ. ದೊಡ್ಡ ಚೀಟಿ."

"ಏನು ಬರೆದಿದ್ದಾರೆ?"

"ಮನೆ."

"ಯಾವ ಬಣ್ಣದ್ದು?"

ಉತ್ತರ ಹೇಳುವ ಮೊದಲೇ ಒಳಗೆ ಗೊಜಗೊಜ ನಿಂತುಹೋಯಿತು. ಅಪ್ಪ ಓದುತ್ತಿದ್ದಾನೆ, ಮೊದಲು ಸಾಮಾನು, ಆಮೇಲೆ ಎಷ್ಟು, ಆಮೇಲೆ ಹೊಡೆದ ಸಾಲು, ಆಮೇಲೆ ಆ ಒಂದು ಪದ, ಕೊನೆಗೆ ಸಹಿ, ಸಹಿ ಹಳೆಯದಕ್ಕೆ ತಾಳೆಯಾಗುತ್ತದೆಯೇ ಎಂದು. ಅವನ ಬಳಿ ಹೋಲಿಸಲು ಅವಳ ಹಳೆಯ ಚೀಟಿ ಒಂದೇ ಇತ್ತು, ಹಿಂದಿರುಗಿಸಿದ ರಬ್ಬರಿನದು. ಹಲ್ಲಿಗೆ ಹಲ್ಲು ತಾಗುವ ಸದ್ದು ಬಾಗಿಲಾಚೆಯಿಂದ ಕೇಳುವುದು ಸಾಧ್ಯವಿರಲಿಲ್ಲ. ಆದರೂ ಅವಳಿಗೆ ಕೇಳಿಸಿತು. ತಾನು ಮಾಡಿದ ಹಲ್ಲು ಹೇಗೆ ಸದ್ದು ಮಾಡುತ್ತದೆ ಎಂದು ಮಾಡಿದವಳಿಗೆ ಗೊತ್ತಿರುತ್ತದೆ. ಬಾಗಿಲು ತೆರೆದು ಗುಮಾಸ್ತರು ಬಂದರು. ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದಿದ್ದರು.

"ಪಾಸಾಯ್ತು ಅಂದ್ರು. ಮೇಡಂ ಸಾಲು ಬರ್ಕೋತಿದ್ದಾರೆ."

ನೋಡಿದಳು. ಎರಡು ಎಂಬುದರ ಮೇಲೆ ಒಂದು ಗೆರೆ. ಪಕ್ಕದಲ್ಲಿ, ಒಂದು. ಅದರ ಮುಂದೆ ಬಾಲವಿರುವ ಮೊದಲಕ್ಷರ. ನಾನು ಇರುವವರೆಗೆ ಎಂಬುದನ್ನು ಹಾಗೆಯೇ ಬಿಟ್ಟಿದ್ದ. ನನಗೆ ಎಂಬುದರ ಕೆಳಗೆ ಪೆನ್ನಿನ ಸಣ್ಣ ಚುಕ್ಕೆಯೊಂದಿತ್ತು, ಓದಿ ನಿಂತ ಗುರುತು. ಅಷ್ಟೇ, ಬೇರೇನೂ ಬರೆದಿರಲಿಲ್ಲ. ಹಲ್ಲಿನ ಕೋಣೆಯೋ ಮಲಗುವ ಕೋಣೆಯೋ ಎಂಬುದೂ ಇರಲಿಲ್ಲ. ಅವಳಿಗೆ ಮಂಕು ಬಡಿದಂತಾಗಿ, ಆಮೇಲೆ ಸಿಟ್ಟು ಬಂತು, ಅಪ್ಪನ ಮೇಲಲ್ಲ. ಹತ್ತು ವರ್ಷ ಚೀಟಿ ಪೋಣಿಸಿದ್ದಳು, ಪುಟ್ಟನದು ಬಿಟ್ಟು ಪ್ರತಿಯೊಂದರಲ್ಲೂ ಅಂಕಿ ಇಳಿದದ್ದನ್ನು ಕಣ್ಣಾರೆ ಕಂಡಿದ್ದಳು, ಅಣ್ಣ ಎಂಟನೇ ವಯಸ್ಸಿಗೇ ಕಲಿತದ್ದನ್ನು ಐವತ್ತೊಂದಕ್ಕೂ ಕಲಿಯದೆ ಬೇಕಾದಷ್ಟನ್ನೇ ಬರೆದು ಕಳಿಸಿದ್ದಳು. ಹೊಟ್ಟೆಯ ತಳದಿಂದ ನಗು ಎದ್ದಿತು. ಪುಟ್ಟನೂ ನಕ್ಕ, ಯಾಕೆಂದು ಕೇಳದೆ.

"ಅಷ್ಟಾದ್ರೂ ಕೊಟ್ರಲ್ಲ ತಾಯಿ," ಎಂದರು ಗುಮಾಸ್ತರು. "ಮತ್ತೆ ಒಳಗೆ ಬಂದು ಟ್ರಸ್ಟಿ ಸಹಿ ಹಾಕಬೇಕಂತೆ."

"ಹಾಕೋಣ. ಇನ್ನೊಂದು ತುಂಡು ಕಾಗದ ಕೊಡಿ."

"ಅಂದ್ರೆ?"

"ಉಳಿದದ್ದಕ್ಕೆ ಹೊಸ ಚೀಟಿ ಬರೀಬೇಕು. ಅದು ಸ್ಟೋರಿನ ಕಾನೂನು, ಅಪ್ಪನಿಗೆ ಗೊತ್ತು."

ಅವರು ಮತ್ತೆ ಹಾಳೆ ಮಡಚಿದರು, ಅಳತೆಪಟ್ಟಿ ಒತ್ತಿದರು. ಅವಳು ಪಾಸಾದ ಚೀಟಿಯನ್ನು ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಹೊಸದನ್ನು ತೊಡೆಯ ಮೇಲೆ ಹಾಸಿದಳು. ಮನೆಯಲ್ಲಿ ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕೇ ಕೋಣೆ. ಸಾಮಾನು: ಕೋಣೆ. ಎಷ್ಟು: ನಾಲ್ಕು. ಯಾತಕ್ಕೆ ಎಂಬಲ್ಲಿ ಈ ಸಲ ಕೈ ನಿಲ್ಲಲಿಲ್ಲ.